ಒಂಟಿಕಾಲಿನ ನವಿಲು

ನ್ಯಾಮತಿ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಅದಕ್ಕೆ ಅಂಟಿಕೊಂಡೇ ಕೆಂಚೇಶನ ಫೋಟೊ ಸ್ಟುಡಿಯೋ. ನಡುವಿನ ಗೋಡೆ ಎಷ್ಟು ತೆಳ್ಳಗಿದೆಯೆಂದರೆ ಅವನು ಗಿರಾಕಿಗಳಿಗೆ "ಗಲ್ಲ ಕೆಳಗೆ ಮಾಡ್ರಿ, ಉಸಿರು ಬಿಡ್ರಿ, ಸಿಟ್ಟು ಬ್ಯಾಡ" ಎನ್ನುವುದು ನನಗೂ, ನಾನು ಮೆಷಿನ್ನಿಗೆ ಬೈಯುವುದು ಅವನಿಗೂ ಚೆನ್ನಾಗಿ ಕೇಳುತ್ತದೆ.

ಊರಲ್ಲಿ ಅವನಿಗೆ ಕ್ಲೀನ್ ಕೆಂಚೇಶ ಅಂತಲೇ ಹೆಸರು. ಯಾರೇ ಬಂದು ಮುಖದ ಮೇಲೆ ಮೊಡವೆ ಇದೆ ಅಂದರೂ, ಹಿಂದೆ ಬಕೆಟ್ಟು ಬಿದ್ದಿದೆ ಅಂದರೂ ಅವನದು ಒಂದೇ ಮಾತು. "ಕ್ಲೀನ್ ಮಾಡಿ ಕೊಡ್ತೀನಿ ಬಿಡ್ರಿ." ಎಲೆಯಡಿಕೆ ಹಾಕಿ ಕೆಂಪಾದ ಹಲ್ಲು ಬಿಟ್ಟು ನಕ್ಕ ಬೀಗರು ಆಲ್ಬಂನಲ್ಲಿ ಮಲ್ಲಿಗೆ ಮೊಗ್ಗಿನಂಥ ಹಲ್ಲು ತೋರಿಸುತ್ತಾರೆ. ನನ್ನ ಪಾಸ್‌ಪೋರ್ಟ್ ಸೈಜ್ ಫೋಟೊ ನೋಡಿದ ಬ್ಯಾಂಕಿನವರು "ನಿಮ್ಮ ತಮ್ಮನ ಫೋಟೊ ಕೊಟ್ಟೀರಲ್ರೀ" ಎಂದಿದ್ದರು. ಬೇಜಾರಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಅದೇ ಫೋಟೊವನ್ನು ಇನ್ನಷ್ಟು ಪ್ರಿಂಟ್ ಹಾಕಿಸಿಕೊಂಡೆ.

ಕೆಲಸದಲ್ಲಿ ಮಾತ್ರ ಅವನು ಶ್ರದ್ಧೆಯ ಮನುಷ್ಯ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆಂದು ಚಪ್ಪಲಿ ಅಂಗಡಿಯವರ ಹತ್ತಿರ ಡಬ್ಬಿಯೊಳಗೆ ಬರುವ, ತೇವ ಹೀರುವ ಸಣ್ಣ ಪುಡಿ ಚೀಟಿಗಳನ್ನು ಕೇಳಿ ತಂದು, ಚಕ್ಕುಲಿ ಡಬ್ಬದಲ್ಲಿ ಲೆನ್ಸಿನ ಜೊತೆ ಮುಚ್ಚಿಡುತ್ತಾನೆ. ಮದುವೆ ಛತ್ರಕ್ಕೆ ಹೋದರೆ ಮೊದಲು ಹುಡುಕುವುದು ಮದುಮಗಳನ್ನಲ್ಲ, ಬ್ಯಾಟರಿ ಚಾರ್ಜಿಗೆ ಹಾಕುವ ಪ್ಲಗ್ ಪಾಯಿಂಟನ್ನು. ಅಡುಗೆಯವರು ಅಲ್ಲಿ ಮಿಕ್ಸರ್ ಹಾಕಿದ್ದರೆ ಸಣ್ಣ ಯುದ್ಧವೇ ನಡೆಯುತ್ತದೆ. ಗೆದ್ದರೂ ಸೋತರೂ ಕೊನೆಗೆ ಅಡುಗೆಯವರೇ ಇವನಿಗೆ ಬಿಸಿ ಬಿಸಿ ಹೋಳಿಗೆ ಕೊಟ್ಟು ಕಳಿಸುತ್ತಾರೆ. ಹಾಗಾಗಿ ಅವನಿಗೆ ಬದುಕಿನ ಮೇಲೆ ದೊಡ್ಡ ದೂರೇನೂ ಇಲ್ಲ.

ಈಚೆಗೆ ಹೊಸ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಸಿಕೊಂಡ ಮೇಲಂತೂ ಆಸಾಮಿ ಕೈಗೆ ಸಿಗುತ್ತಿರಲಿಲ್ಲ. ಮೊದಲು ಒಂದೊಂದು ಕಲೆಯ ಮೇಲೂ ಮೌಸ್ ಇಟ್ಟು ಉಜ್ಜುತ್ತ ಕೂರಬೇಕಿತ್ತು. ಈಗ ಒಂದು ಬಟನ್ ಒತ್ತಿದರೆ ಇಡೀ ಮದುವೆಮನೆಯ ಚರ್ಮವೆಲ್ಲ ಒಟ್ಟಿಗೆ ನುಣ್ಣಗಾಗುತ್ತಿತ್ತು. ಸೀಸನ್ನಿನಲ್ಲೂ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಿ, ಉಂಡು, ಸ್ವಲ್ಪ ಅಡ್ಡಾಗಿ ಬರುವ ಸುಖ ಅವನಿಗೆ ಸಿಕ್ಕಿತ್ತು.

ಆ ಸುಖಕ್ಕೆ ಕಲ್ಲು ಹಾಕಿದ್ದು ಗಾದ್ರಮ್ಮ. ಗೋವಿನಕೋವಿಯ ಅಜ್ಜಿ. ಅವಳ ಮೊಮ್ಮಗಳು ಚೈತ್ರಶ್ರೀಯ ಮದುವೆ ಹೊನ್ನಾಳಿಯ ಛತ್ರದಲ್ಲಿ ನಡೆದಾಗ ಕೆಂಚೇಶನೇ ಫೋಟೊ ತೆಗೆದಿದ್ದ. ಆಲ್ಬಂ ಕೊಟ್ಟು ಎಷ್ಟೋ ದಿನವಾದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಅದನ್ನೇ ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿಳಿದು ಬಂದಳು.

"ತಮ್ಮಾ, ಇದರಾಗೆ ನನ್ನ ಕೈ ಎಲ್ಲೈತೆ ತೋರ್ಸು."

ನಾನು ಎದ್ದು ಹೋಗಿ ಇಣುಕಿದೆ. ಫೋಟೊದಲ್ಲಿ ಗಾದ್ರಮ್ಮ ಮತ್ತು ಇನ್ನೊಬ್ಬ ಅಜ್ಜಿ ಅಕ್ಕಪಕ್ಕ ಕೂತು, ಮುಂಗೈಗಳನ್ನು ಒಂದಕ್ಕೊಂದು ತಾಗಿಸಿ ಮುಂದೆ ಚಾಚಿದ್ದರು.

"ಇಲ್ಲೇ ಐತಲ್ಲಜ್ಜಿ," ಎಂದ ಕೆಂಚೇಶ. "ಬಳೆ ತೋರಿಸ್ತಾ ಇದ್ರಿ. ಎಷ್ಟು ಕ್ಲೀನಾಗಿ ಬಂದೈತೆ ನೋಡ್ರಿ."

"ಬಳೆ ಅಂತೆ ಬಳೆ! ಇದು ಸಿನಿಮಾದೋರ ಕೈ. ನನ್ನ ಕೈ ಇದು." ಅಜ್ಜಿ ಎಡಗೈಯ ಬಳೆಗಳನ್ನು ಹಿಂದಕ್ಕೆ ಸರಿಸಿದಳು. ಸುಕ್ಕಾದ ಮುಂಗೈ ಮೇಲೆ ಹಸಿರು ಹಚ್ಚೆ. ನವಿಲಿನ ತಲೆ, ಕತ್ತು, ಎದೆ, ಒಂದು ಕಾಲು. ಅಲ್ಲಿಗೆ ನವಿಲು ಮುಗಿದಿತ್ತು.

ಮಿಕ್ಕ ನವಿಲು ಆ ಇನ್ನೊಬ್ಬ ಅಜ್ಜಿ ದುರುಗಕ್ಕನ ಬಲಗೈಯಲ್ಲಿತ್ತು. ಇಬ್ಬರೂ ಜಗಳೂರು ಕಡೆಯ ಒಂದೇ ಊರಿನ, ಒಂದೇ ಓಣಿಯ ಗೆಳತಿಯರು. ಚಿಕ್ಕವರಿದ್ದಾಗ ಹಚ್ಚೆ ಹೊಯ್ಯುವವಳು ಊರಿಗೆ ಬಂದರೆ, ಅವಳ ಕೂಲಿಗೆಂದು ಇವರು ಮನೆಯಿಂದ ಕದ್ದು ತಂದ ಜೋಳ ಒಂದೇ ನವಿಲಿಗೆ ಸಾಕಾಗುವಷ್ಟಿತ್ತು. ಒಬ್ಬಳು ಹುಯ್ಯಿಸಿಕೊಂಡರೆ ಇನ್ನೊಬ್ಬಳು ಅಳುತ್ತಾಳೆ. ಅದಕ್ಕೇ ಇಬ್ಬರ ಕೈ ಜೋಡಿಸಿ ಒಂದೇ ನವಿಲು ಹುಯ್ಯಿಸಿಕೊಂಡರು. ಮುಂಭಾಗ ಗಾದ್ರಮ್ಮನಿಗೆ, ಬೆನ್ನು, ಗರಿ, ಎರಡನೇ ಕಾಲು ದುರುಗಕ್ಕನಿಗೆ. ಗರಿ ಮುಗಿಯುವ ಹೊತ್ತಿಗೆ ದುರುಗಕ್ಕ ಉರಿ ತಡೆಯಲಾರದೆ ಕೈ ಕಿತ್ತುಕೊಂಡು ಓಡಿಹೋದಳು. ಎರಡನೇ ಕಾಲು ಉಳಿದೇಹೋಯಿತು.

"ಅವತ್ತಿಂದ ನಮ್ ನವಿಲು ಕುಂಟು," ಎಂದಳು ಗಾದ್ರಮ್ಮ. "ನಿನ್ನಿಂದಲೇ ಅಂತ ಅವಳನ್ನ ಆಡಿಕೊಳ್ಳೋದು ನಾನು. ಮದುವೆಯಾಗಿ ನಾನಿಲ್ಲಿ, ಅವಳು ಅಲ್ಲೇ. ಕೈ ಕೂಡೋದು ಯಾವಾಗ್ಲೋ ಒಂದ್ಸಲ. ಅದಕ್ಕೇ ಫೋಟೊ ಹೊಡಿಯಪ್ಪ ಅಂತ ನಿನ್ನ ಕರೆದದ್ದು. ನೀನು ಒರೆಸಿ ಹಾಕಿದೀಯ!"

ಅಷ್ಟೇ ಆಗಿದ್ದರೆ ಅಜ್ಜಿ ಬೈದು ಹೋಗುತ್ತಿದ್ದಳೇನೋ. ಆದರೆ ಆ ಫೋಟೊ ಚೈತ್ರಶ್ರೀಯ ಮೊಬೈಲಿನಿಂದ ದುರುಗಕ್ಕನ ಮೊಮ್ಮಗನ ಮೊಬೈಲಿಗೆ ಹೋಗಿತ್ತು. ಅದನ್ನು ನೋಡಿದ ದುರುಗಕ್ಕ, ಗಾದ್ರಿಯೇ ಹೇಳಿ ತೆಗೆಸಿದ್ದಾಳೆ ಎಂದುಕೊಂಡಿದ್ದಳು. "ತೋಟ ಇರೋ ದೊಡ್ಡ ಮನೆ ಸೇರಿದೋಳಿಗೆ ಹಚ್ಚೆ ನಾಚಿಕೆ ಆಗೈತೆ. ಅವಳದು ತೆಗೆಸ್ಕೊಳ್ಳಲಿ, ನಂದ್ಯಾಕೆ ತೆಗೆಸ್ಬೇಕು?" ಎಂದವಳು ಆಮೇಲೆ ಫೋನಿಗೆ ಬಂದಿರಲಿಲ್ಲ. ಇವಳು ಫೋನ್ ಮಾಡಿದಾಗೆಲ್ಲ "ಎಮ್ಮೆ ಕಟ್ಟಾಕೆ ಹೋಗ್ಯಾಳೆ ಅನ್ನು" ಎಂದು ಹಿಂದಿನಿಂದ ಅವಳದೇ ದನಿ ಕೇಳುತ್ತಿತ್ತಂತೆ.

"ದಿನವೆಲ್ಲ ಎಮ್ಮೆ ಕಟ್ಟಾಕೆ ಆಗ್ತೈತೇನಪ್ಪ?" ಎಂದು ಕೇಳಿದ ಗಾದ್ರಮ್ಮ ಬಳೆಗಳನ್ನು ಮತ್ತೆ ಹಚ್ಚೆಯ ಮೇಲಕ್ಕೆ ಎಳೆದುಕೊಂಡಳು. ನಾನು ಗಿರಾಕಿ ಬಂದರೇನೋ ಎಂಬಂತೆ ರಸ್ತೆ ಕಡೆ ನೋಡಿದೆ.

ಕೆಂಚೇಶ ಹಾರ್ಡ್ ಡಿಸ್ಕ್ ತಡಕಾಡಿದ. ಆಲ್ಬಂ ಕೊಟ್ಟಾದ ಮೇಲೆ ಜಾಗಕ್ಕಾಗಿ ಎಡಿಟ್ ಮಾಡದ ಫೋಟೊಗಳನ್ನು ಅಳಿಸುವುದು ಅವನ ರೂಢಿ. ಅಳಿಸಿಯೂ ಆಗಿತ್ತು. "ಇರ್ರಿ ಅಜ್ಜಿ, ಹೊಸದು ಹುಟ್ಟಿಸ್ತೀನಿ," ಎಂದು ಅದೇ ಸಾಫ್ಟ್‌ವೇರಿಗೆ ನವಿಲು ಬರೆಯಲು ಹೇಳಿದ. ಅದು ಗಳಿಗೆಯಲ್ಲಿ ಇಬ್ಬರ ಕೈ ಮೇಲೂ ಭರ್ಜರಿ ನವಿಲೊಂದನ್ನು ತಂದು ಕೂರಿಸಿತು. ತಲೆಗೆ ತುರಾಯಿ, ಬಣ್ಣ ಬಣ್ಣದ ಗರಿ, ಎರಡು ಕಾಲು. ನನಗಂತೂ ಬಲು ಚಂದ ಕಂಡಿತು.

ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ನೋಡಿದಳು. "ಇದು ಯಾರ ಮನೆ ನವಿಲೋ? ನೀನು ಬಂದು, ಒರೆಸಿದ್ದು ನಾನು ಅಂತ ನಿನ್ನ ಬಾಯಾಗೆ ಅವಳಿಗೆ ಹೇಳು. ಮಿಷಿನ್ನು ಬ್ಯಾಡ, ನೀನು ಬಾ."

ಕೆಂಚೇಶ ನನ್ನ ಮುಖ ನೋಡಿದ. ನಾನು "ಹೋಗಿ ಬಾರೋ, ಸ್ಟುಡಿಯೋ ನೋಡ್ಕೋತೀನಿ" ಎಂದೆ. ಜಗಳೂರು ಕಡೆ ನಡೆದದ್ದನ್ನು ಅವನೇ ಬಂದು ಹೇಳಿದ್ದು. ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ಪ್ರತಿ ಸಲವೂ ಒಂದೇ ಥರ ಹೇಳುವುದರಿಂದ ನಿಜವೇ ಇರಬೇಕು.

ಬಸ್ಸು ಬದಲಿಸಿ ಬದಲಿಸಿ, ಕ್ಯಾಮೆರಾ, ಲ್ಯಾಪ್‌ಟಾಪ್ ಇದ್ದ ಬ್ಯಾಗು ತೊಡೆ ಮೇಲಿಟ್ಟುಕೊಂಡು, ಅಜ್ಜಿ ಕೊಟ್ಟ ಮಂಡಕ್ಕಿ ತಿನ್ನುತ್ತ ಇಬ್ಬರೂ ಹೋದರು. ಜಗಳೂರು ದಾಟಿ ಆ ಊರು ಮುಟ್ಟಿದಾಗ ದುರುಗಕ್ಕ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದಳು. ಗೆಳತಿಯನ್ನು ಕಂಡರೂ "ಬಾ" ಅನ್ನಲಿಲ್ಲ. "ಪರ ಊರೋರು ಬಂದಾರೆ, ನೀರು ಕೊಡು," ಎಂದು ಸೊಸೆಗೆ ಕೂಗಿದಳು. ಗಾದ್ರಮ್ಮನನ್ನೂ ಪರ ಊರವರ ಲೆಕ್ಕಕ್ಕೆ ಸೇರಿಸಿದ್ದಳು.

"ದುರುಗಜ್ಜಿ, ತಪ್ಪು ನಂದು," ಎಂದ ಕೆಂಚೇಶ ಚೊಂಬು ಕೈಯಲ್ಲಿ ಹಿಡಿದೇ. "ಹಚ್ಚೆ ಅಂತ ಗೊತ್ತಾಗಲಿಲ್ಲ. ನಾನೇ ಕ್ಲೀನ್ ಮಾಡಿದ್ದು. ಇವರು ಹೇಳಿಲ್ಲ."

"ಯಾರೂ ಹೇಳದೆ ಯಾರಾದ್ರೂ ಒರೆಸ್ತಾರಾ? ನಿನ್ನ ಕರಕೊಂಡು ಬಂದು ಸುಳ್ಳು ಹೇಳಿಸ್ತಾಳೆ," ಎಂದ ದುರುಗಕ್ಕ ಜೋಳದ ಕಡೆ ತಿರುಗಿದಳು.

ಕೆಂಚೇಶನಿಗೆ ಏನು ತೋಚಿತೋ, ಕ್ಯಾಮೆರಾ ತೆಗೆದು ಅವಳ ಎದುರಿಗೆ ಹೋಗಿ ಒಂದು ಫೋಟೊ ಹೊಡೆದ. ಜಗಲಿ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಅವಳನ್ನು ಕರೆದು ತೋರಿಸಿದ. ಸಿಟ್ಟಿನ ಮುಖ, ಗಲ್ಲದ ಮೇಲೆ ಹಚ್ಚೆಯ ಮೂರು ಚುಕ್ಕಿ. "ಈಗ ನೋಡ್ರಿ. ಬರೇ ಒಂದು ಬಟನ್ನು. ಯಾರೂ ಏನೂ ಹೇಳಿಲ್ಲ."

ಒತ್ತಿದ. ಚುಕ್ಕಿ ಮಾಯವಾದವು.

ದುರುಗಕ್ಕ ತಟ್ಟನೆ ತನ್ನ ಗಲ್ಲ ಮುಟ್ಟಿ ನೋಡಿಕೊಂಡಳು.

ಗಾದ್ರಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಲ್ಲೇ ಐತೆ ಕಣೇ! ಎಲ್ಲೂ ಹೋಗಿಲ್ಲ!" ಎಂದು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ದುರುಗಕ್ಕ ಗುರಾಯಿಸಿ ನೋಡಿದಳು, ಇನ್ನೊಂದು ಸಲ ಗಲ್ಲ ಮುಟ್ಟಿಕೊಂಡಳು, ತಾನೂ ನಕ್ಕುಬಿಟ್ಟಳು. ನಗುತ್ತಲೇ "ನಿನ್ನ ಮಿಷಿನ್ನಿಗೆ ಬೆಂಕಿ ಹಾಕ" ಎಂದು ಕೆಂಚೇಶನಿಗೆ ಬೈದಳು. ಆಮೇಲೆ ಸೊಸೆಗೆ ಮತ್ತೆ ಕೂಗಿದಳು. "ಚಾ ಇಡೇ, ಗಾದ್ರಿ ಬಂದಾಳೆ."

ಚಾ ಕುಡಿದ ಮೇಲೆ ಇಬ್ಬರೂ ಜಗಲಿಯ ಬಿಸಿಲಿಗೆ ಕೂತರು. ಕೈ ಜೋಡಿಸಿದರೆ ನವಿಲು ಕೂಡಲೊಲ್ಲದು. ದುರುಗಕ್ಕನ ಕೈ ಸೊರಗಿತ್ತು, ಗಾದ್ರಮ್ಮನದು ಊದಿತ್ತು. ಕತ್ತು ಒಂದು ಕಡೆ, ಬೆನ್ನು ಒಂದು ಕಡೆ. "ಸ್ವಲ್ಪ ಮುಂದಕ್ಕೆ ಬಾರೇ." "ನೀನೇ ಹಿಂದಕ್ಕೆ ಹೋಗು." ಹೀಗೇ ಎಳೆದಾಡಿ ಕೊನೆಗೊಮ್ಮೆ ಗೆರೆಗೆ ಗೆರೆ ಕೂತಿತು. ಕೆಂಚೇಶ ಮಂಡಿಯೂರಿ ತೆಗೆದ. ತೆಗೆಯುವಾಗ ಕಣ್ಣು ಮಂಜಾಗಿ ಫೋಕಸ್ ಸರಿಯಾಗಿ ಕಾಣಲಿಲ್ಲವಂತೆ. ಧೂಳು ಅಂದ. ನಾನು ಹೂಂ ಅಂದೆ.

ಕ್ಯಾಮೆರಾದ ಪರದೆಯಲ್ಲೇ ತೋರಿಸಿದಾಗ ದುರುಗಕ್ಕ ತನ್ನ ಮುಖ ನೋಡಿಕೊಳ್ಳಲಿಲ್ಲ, ಗೆಳತಿಯ ಮುಖವನ್ನೂ ನೋಡಲಿಲ್ಲ. ಬೆರಳಿಟ್ಟು ನವಿಲಿನ ಹೊಟ್ಟೆಯ ಕೆಳಗೆ ಹುಡುಕಿದಳು.

"ಕಣ್ಣು ಸರಿಯಾಗಿ ಕಾಣವು ತಮ್ಮಾ. ಕಾಲು ಎಷ್ಟೈತೆ ನೋಡು?"

"ಒಂದೇ ಐತಜ್ಜಿ."

"ಹಂಗಾದ್ರೆ ನಮ್ದೇ," ಎಂದು ದುರುಗಕ್ಕ ಜೋಡಿಸಿದ ಕೈ ತೆಗೆಯದೆ ಹಾಗೇ ಕೂತಳು.