ನಜೀರಣ್ಣನ್ನ ಕೇಳಿ

ನಮ್ಮ ಅಡುಗೆಮನೆಯಲ್ಲಿ ಸಾಸಿವೆ ತುಂಬಿದ ಒಂದು ಹಸಿರು ತಗಡಿನ ಡಬ್ಬಿ ಇದೆ. ಅದರ ಮೇಲೆ ಬೆಟ್ಟ, ಮಂಜು, ಒಂದು ಹಕ್ಕಿ. ಪಕ್ಕದಲ್ಲಿ ನನಗೆ ಓದಲು ಬಾರದ ನಾಲ್ಕು ಚೀನೀ ಅಕ್ಷರ. ಮೊದಲು ಅದು ಚಹಾದ ಡಬ್ಬಿಯಾಗಿತ್ತು. ಎಷ್ಟು ಸಲ ತೊಳೆದರೂ ಮುಚ್ಚಳ ತೆಗೆದಾಗ ಆ ಚಹಾದ ಒಣಹೂವಿನ ವಾಸನೆ ಸಣ್ಣಗೆ ಬರುತ್ತದೆ. ಇವತ್ತು ಬೆಳಿಗ್ಗೆ ಒಗ್ಗರಣೆಗೆ ನಿಂತ ನನ್ನ ಹೆಂಡತಿ, "ಮುಚ್ಚಳ ಸಡಲ ಆಗೇತ್ರಿ. ಇದನ್ನ ಒಗದ್ ಬಿಡ್ಲೇನು?" ಅಂದಳು.

"ಬ್ಯಾಡ, ಇರ್ಲಿ" ಅಂದೆ. ಗದಗದ ಕಡೆಯಿಂದ ಬಂದು ಇಪ್ಪತ್ತೈದು ವರ್ಷವಾದರೂ ಮನೆಯೊಳಗೆ ನಮ್ಮ ಮಾತು ಬದಲಾಗಿಲ್ಲ. ಅವಳು ಮತ್ತೆ ಕೇಳಲಿಲ್ಲ. ಆ ಡಬ್ಬಿ ಕೊಟ್ಟವನು ಬರೆದ ಒಂದು ಪತ್ರಕ್ಕೆ ನಾನು ಐದು ವರ್ಷ ಉತ್ತರ ಬರೆಯಲಿಲ್ಲ ಎಂಬುದು ಅವಳಿಗೆ ಈಗ ಗೊತ್ತಿದೆ.

ನಾನಿರುವುದು ಕೋಗಿಲಿನಲ್ಲಿ, ಕೆಲಸ ನಾಗಸಂದ್ರದ ಮೆಟ್ರೋ ಸ್ಟೇಷನ್ನಿನ ಹಿಂದಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ನಡುವೆ ಹೆಬ್ಬಾಳವಿದೆ. ನನ್ನ ಆಯುಷ್ಯದ ದೊಡ್ಡ ಪಾಲು ಅಲ್ಲಿನ ಫ್ಲೈಓವರಿನ ಮೇಲೆ ಬಸ್ಸಿನಲ್ಲಿ ನಿಂತೇ ಕಳೆದಿದೆ. ಹಾಗಾಗಿ ಇಂಥದ್ದನ್ನೆಲ್ಲ ಯೋಚಿಸಲು ನನಗೆ ಬೇಕಾದಷ್ಟು ಪುರಸೊತ್ತು. ಕಾರ್ಖಾನೆಯಲ್ಲಿ ಬಾಟಲಿಗಳ ಪ್ಲಾಸ್ಟಿಕ್ ಮುಚ್ಚಳ ತಯಾರಾಗುತ್ತದೆ. ಮಷೀನುಗಳ ರಿಪೇರಿ ನನ್ನ ಪಾಲಿನದು.

ಕೊರೊನಾ ಬರುವುದಕ್ಕೆ ಒಂದು ವರ್ಷ ಮೊದಲು ಚೀನಾದಿಂದ ದೊಡ್ಡದೊಂದು ಮೋಲ್ಡಿಂಗ್ ಮಷೀನು ಬಂತು. ಅದನ್ನು ಕೂರಿಸಿಕೊಡಲು ಹಿಂದೆಯೇ ಚೆನ್ ಎಂಬ ಎಂಜಿನಿಯರ್ ಬಂದ. ನಲವತ್ತು ದಾಟಿದ ಸಣಕಲು ಮನುಷ್ಯ. ಎರಡನೇ ದಿನಕ್ಕೇ ನಮ್ಮವರು ಅವನನ್ನು ಚೆನ್ನಪ್ಪ ಅನ್ನತೊಡಗಿದರು, ಅವನೂ ತಿರುಗಿ ನೋಡತೊಡಗಿದ. ಒಂದು ಭಾನುವಾರ ಮನೆಗೆ ಕರೆದುಕೊಂಡು ಹೋದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು, ಐದನೇ ರೊಟ್ಟಿಗೆ ತಾನೇ ಕೈ ಚಾಚಿದ. ಹೋಗುವಾಗ ನನ್ನ ಹೆಂಡತಿಯ ಕೈಗೆ ಎರಡೂ ಕೈಯಿಂದ ಈ ಡಬ್ಬಿ ಕೊಟ್ಟ. ಆ ಚಹಾ ಕುಡಿದು ನಾವು ಮುಖ ಮುಖ ನೋಡಿಕೊಂಡೆವು, ಅದು ಬೇರೆ ಮಾತು.

ಆ ಮಷೀನಿನ ಗುಂಡಿಗಳ ಮೇಲೆಲ್ಲ ಚೀನೀ ಅಕ್ಷರ. ನಡೆಸಬೇಕಾದ ನಜೀರಣ್ಣನಿಗೆ ಅದೂ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ನಜೀರಣ್ಣ ನಮ್ಮ ಹಳೆಯ ಆಪರೇಟರ್, ಆರ್.ಟಿ. ನಗರದವನು. ಮಷೀನಿನ ಸದ್ದು ಕೇಳಿಯೇ ಅದರ ಹೊಟ್ಟೆನೋವು ಹೇಳಬಲ್ಲವನು. ಅವನು ತನ್ನ ಮನೆಮಾತಾದ ದಖನಿ ಉರ್ದುವಿನಲ್ಲಿ ಏನೋ ಕೇಳುವುದು, ಚೆನ್ ಚೀನೀಯಲ್ಲಿ ಏನೋ ಹೇಳುವುದು, ಇಬ್ಬರೂ ತಲೆಯಾಡಿಸುವುದು. ಇಂಗ್ಲಿಷ್ ಬಲ್ಲ ನಾನು ನಡುವೆ ದಡ್ಡನಂತೆ ನಿಂತಿರುತ್ತಿದ್ದೆ.

ಕೊನೆಗೆ ಒಂದೊಂದು ಗುಂಡಿಗೂ ಕನ್ನಡದ ಚೀಟಿ ಅಂಟಿಸುವುದೆಂದಾಯಿತು. ಚೆನ್ ಅಭಿನಯಿಸಿ ತೋರಿಸುವುದು, ನಾನು ಮಾರ್ಕರ್ ಹಿಡಿದು ಬರೆಯುವುದು. ಬಾಗಿಲು ತೆಗೆ, ಮುಚ್ಚು, ಕಾಯಲಿ, ತಣಿಯಲಿ. ಒಂದು ಗುಲಾಬಿ ಗುಂಡಿಗೆ ಮಾತ್ರ ಅವನ ಅಭಿನಯ ಮುಗಿಯಲೇ ಇಲ್ಲ. ಎರಡು ಅಂಗೈ ಜೋಡಿಸಿದ, ಬಿಡಿಸಿದ, ತಲೆಯ ಮೇಲೆ ಕೈ ಹೊತ್ತ. ತಪ್ಪಾಗಿ ಒತ್ತಿದರೆ ಅಚ್ಚು ಹಾಳಾಗುತ್ತದೆ ಎಂಬಷ್ಟು ನನಗೆ ತಿಳಿಯಿತು. ಯಾವಾಗ ಒತ್ತಬೇಕೆಂಬುದು ತಿಳಿದದ್ದು ನಜೀರಣ್ಣನಿಗೊಬ್ಬನಿಗೇ. ನಾನು ಬೇಸತ್ತು "ನಜೀರಣ್ಣನ್ನ ಕೇಳಿ" ಎಂದು ಬರೆದು ಅಂಟಿಸಿದೆ. ಹೊರಡುವ ದಿನ ಚೆನ್ ಎಲ್ಲ ಚೀಟಿಗಳ ಫೋಟೋ ತೆಗೆದುಕೊಂಡ.

ಒಮ್ಮೆ ಟೀ ಹೊತ್ತಿನಲ್ಲಿ ನಾನು ಸುಮ್ಮನಿರಲಾರದೆ, ನಿಮ್ಮ ಸರ್ಕಾರ ಹೇಗೆ ಎಂದು ಕೇಳಿದ್ದೆ. ಅವನು ಫ್ಲಾಸ್ಕ್ ತೆರೆದ, ಬಿಸಿನೀರು ಕುಡಿದ, ಮುಚ್ಚಿದ. ಆಮೇಲೆ ತನಗೆ ಬರುವ ಹರಕು ಇಂಗ್ಲಿಷಿನಲ್ಲಿ, ತನ್ನ ಅಮ್ಮನ ಹೊಲದಲ್ಲಿ ಈಗ ಆರು ಸಾಲಿನ ರಸ್ತೆಯಿದೆ ಎಂದ. ನಮ್ಮ ಕೋಗಿಲಿನಲ್ಲೂ ಹಾಗೆಯೇ ಅಂದೆ. ಬಾಯಿಬಿಡಲು ಹೆದರುವ ಜನ ಎಂದು ಮನಸ್ಸಿನಲ್ಲೇ ಮರುಕಪಟ್ಟೆ. ನಮ್ಮದು ಹಾಗಲ್ಲವಲ್ಲ ಎಂಬ ಜಂಬ ಬೇರೆ.

ಮರುವರ್ಷ ಗಡಿಯಲ್ಲಿ ಹೊಡೆದಾಟವಾಗಿ ಸೈನಿಕರು ಸತ್ತರು. ಆ ಸಾವುಗಳಿಗೆ ನಾನೂ ಸಂಕಟಪಟ್ಟವನೇ. ಟೀ ಅಂಗಡಿಯಲ್ಲಿ ಆ ದೇಶದ್ದೆಲ್ಲ ಸುಡಬೇಕು ಅನ್ನುತ್ತಿದ್ದವರು ನಡುನಡುವೆ ಅಲ್ಲಿಂದಲೇ ಬಂದ ಫೋನಿನಲ್ಲಿ ಹೊತ್ತು ನೋಡಿಕೊಳ್ಳುತ್ತಿದ್ದರು. ವೀಸಾ ನಿಂತಿತು, ಚೆನ್ ನಮ್ಮೊಂದಿಗೆ ಮಾತಾಡುತ್ತಿದ್ದ ಆ್ಯಪ್ ನಿಂತಿತು. ಸರಕು ಮಾತ್ರ ನಿಲ್ಲಲಿಲ್ಲ, ಬೇರೆ ಡಬ್ಬಿ ಹಾಕಿಕೊಂಡು ಬಂತು. ನಮ್ಮ ಮಾಲೀಕರು ನನ್ನನ್ನು ಕರೆದು, "ಮಷೀನ್ ಮೇಲಿನ ಆ ಚೀನಾ ಕಂಪನಿ ಹೆಸರಿನ ಪ್ಲೇಟ್ ಉಜ್ಜಿಹಾಕ್ಬಿಡ್ರಿ. ಅಲ್ಲಿಯೋರ ಜೊತೆ ಯಾರೂ ವ್ಯವಹಾರ ಇಟ್ಕೋಬೇಡಿ, ಸುಮ್ನೆ ತಲೆನೋವು" ಅಂದರು. ನಾನೇ ಎಮರಿ ಪೇಪರ್ ಹಿಡಿದು ಉಜ್ಜಿದೆ.

ಅದೇ ತಿಂಗಳು ಮಷೀನು ಕೆಟ್ಟಿತು. ಪರದೆಯ ಮೇಲೆ ಒಂದು ಕೆಂಪು ಸಂಖ್ಯೆ, ಮುಂದಕ್ಕೆ ಏನೂ ಇಲ್ಲ. ಎಲ್ಲಿಂದಲೋ ಸುದ್ದಿ ತಿಳಿದು ಚೆನ್ ನನ್ನ ಸ್ವಂತ ವಿಳಾಸಕ್ಕೆ ಮೇಲ್ ಬರೆದ. ಒಳಗಿನ ಬೋರ್ಡಿನ ಫೋಟೋ ಕಳಿಸು, ಹೇಗೆ ಸರಿಮಾಡುವುದೆಂದು ಹೇಳುತ್ತೇನೆ ಎಂದಿದ್ದ. ಜೊತೆಗೆ ನನ್ನ ಚೀಟಿಗಳ ಫೋಟೋ. ನಿಮ್ಮ ಕಡೆಗೆ ಕಳಿಸುವ ಮಷೀನುಗಳಲ್ಲಿ ಇವನ್ನೇ ಅಚ್ಚು ಹಾಕಿಸಬೇಕೆಂದಿದ್ದೇನೆ, ಅಕ್ಷರ ಸರಿ ಇವೆಯಾ ನೋಡಿ ಹೇಳು. ಕೊನೆಯಲ್ಲಿ, ರೊಟ್ಟಿ ಮಾಡಿದವರಿಗೆ ನಮಸ್ಕಾರ.

ಓದಿದೆ. ಎರಡು ಸಲ ಓದಿದೆ. ಯಾರು ನೋಡುತ್ತಾರೋ, ನಾಳೆ ಯಾರು ಬಂದು ಏನು ಕೇಳುತ್ತಾರೋ, ನನಗ್ಯಾಕೆ ಇಲ್ಲದ ಉಸಾಬರಿ ಎಂದು ಫೋನ್ ಜೇಬಿಗಿಟ್ಟೆ. ನಿಜ ಹೇಳಬೇಕೆಂದರೆ ಯಾರೂ ನನ್ನನ್ನು ಹೆದರಿಸಿರಲಿಲ್ಲ. ಫ್ಲಾಸ್ಕಿನ ಮುಚ್ಚಳ ಹಾಕುವ ಆ ವಿದ್ಯೆ ನನಗೂ ಬಂದಿತ್ತು, ಅಷ್ಟೆ.

ಮಷೀನು ಐದು ತಿಂಗಳು ನಿಂತಿತು. ಕೆಲಸವಿಲ್ಲವೆಂದು ನಜೀರಣ್ಣನನ್ನು ಮನೆಗೆ ಕಳಿಸಿದರು. "ಮಷೀನ್ ರೆಡಿ ಆದ್ರೆ ಒಂದ್ ಫೋನ್ ಮಾಡಿ ಸಾರ್, ಬಂದ್ಬಿಡ್ತೀನಿ" ಎಂದು ನನಗೆ ಹೇಳಿ ಹೋದ. ಕೊನೆಗೆ ಯಾರೋ ಬಂದು ಹೇಗೋ ನಡೆಯುವಂತೆ ಮಾಡಿದಾಗ ಮಾಲೀಕರು ಹೊಸಬರನ್ನು ತೆಗೆದುಕೊಂಡರು. ಮುಖ ತೋರಿಸಲು ಆಗದೆ ನಾನು ಫೋನ್ ಮಾಡಲೇ ಇಲ್ಲ. ಚೀಟಿಗಳು ಎಣ್ಣೆ ಕುಡಿದು ಉದುರಿಹೋದವು.

ದೊಡ್ಡ ದೇಶಗಳ ಮುನಿಸು ನಮ್ಮಂಥವರದರ ಹಾಗಲ್ಲ ನೋಡಿ. ಅವಕ್ಕೆ ಮಾತು ಬಿಡಲಿಕ್ಕೂ ಅಧಿಕಾರಿಗಳಿದ್ದಾರೆ, ಮತ್ತೆ ಶುರುಮಾಡಲಿಕ್ಕೂ ಇದ್ದಾರೆ. ಈಗ ಶುರುಮಾಡಿದ್ದಾರೆ. ವಿಮಾನಗಳು ಹಾರುತ್ತಿವೆ, ವೀಸಾ ಸಿಗುತ್ತಿದೆ. ನಮ್ಮ ಮಾಲೀಕರೂ, "ಬೇರೆ ಕಡೆದು ರೇಟ್ ಕೇಳೋಕಾಗಲ್ಲ ಕಣ್ರೀ" ಎಂದು ಅದೇ ಕಂಪನಿಗೆ ಇನ್ನೊಂದು ಮಷೀನಿಗೆ ಬರೆದರು. ಹೋದ ತಿಂಗಳು ಬಂತು. ಜೊತೆಗೆ ಬಂದ ಎಂಜಿನಿಯರ್ ಬೇರೆಯವನು. ಚೆನ್ ಕೆಲಸ ಬಿಟ್ಟು ಬಹಳ ದಿನವಾಯಿತಂತೆ, ಎಲ್ಲಿದ್ದಾನೋ ಈತನಿಗೂ ತಿಳಿಯದು.

ಪ್ಲಾಸ್ಟಿಕ್ ಹಾಳೆ ಬಿಚ್ಚಿದಾಗ ಗುಂಡಿಗಳ ಮೇಲೆ ಕನ್ನಡ ಕಂಡಿತು. ನನ್ನದೇ ಕೈಬರಹ. ಮಾರ್ಕರ್ ಜಾರಿದ್ದ ಕಡೆಯ ಗೆರೆಯನ್ನೂ ಬಿಡದೆ ಅಚ್ಚು ಹಾಕಿದ್ದರು. ಸರಿ ತಪ್ಪು ಹೇಳುವವನು ಹೇಳಿರಲಿಲ್ಲವಲ್ಲ. ಬಾಗಿಲು ತೆಗೆ, ಮುಚ್ಚು, ಕಾಯಲಿ, ತಣಿಯಲಿ. ಕೊನೆಯಲ್ಲಿ ಗುಲಾಬಿ ಗುಂಡಿ: ನಜೀರಣ್ಣನ್ನ ಕೇಳಿ.

ಪಕ್ಕದಲ್ಲಿದ್ದ ಹೊಸ ಆಪರೇಟರ್ ಓದಿ ನಕ್ಕು, "ನಜೀರಣ್ಣ ಅಂದ್ರೆ ಯಾರು ಸಾರ್?" ಎಂದ. ನಾನು ಫೋನ್ ಹೊರತೆಗೆದು ಆ ಗುಂಡಿಯ ಫೋಟೋ ತೆಗೆದುಕೊಂಡೆ.

ಆ ಭಾನುವಾರ ಆರ್.ಟಿ. ನಗರಕ್ಕೆ ಹೋದೆ. ನಜೀರಣ್ಣ ಭಾವಮೈದುನನ ಪಂಕ್ಚರ್ ಅಂಗಡಿಯಲ್ಲಿ ಕೂತಿದ್ದ, ಗಡ್ಡ ಬೆಳ್ಳಗಾಗಿತ್ತು. ಟೀ ತರಿಸಿದ. ಮೇಲ್ ಬಂದದ್ದು, ಉತ್ತರ ಕೊಡದೇ ಇದ್ದದ್ದು, ಎಲ್ಲ ಹೇಳಿ ಫೋನಿನಲ್ಲಿ ಗುಂಡಿಯ ಫೋಟೋ ತೋರಿಸಿದೆ. ಕೈ ಒರೆಸಿಕೊಂಡು, ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ.

"ನಾನ್ ಇಲ್ಲೇ ಇದ್ದೆ ಸಾರ್. ಹೆಬ್ಬಾಳದಿಂದ ಎರಡ್ ಸ್ಟಾಪ್" ಅಂದ. "ನಿಮ್ಮನ್ನ ಇಲ್ಲಿಗೆ ಕರ್ಕೊಂಡ್ ಬರೋಕೆ ಅಲ್ಲಿಂದ ಒಂದ್ ಮಷೀನೇ ಬರ್ಬೇಕಾಯ್ತಾ?"

ಮಾಲೀಕರ ಹತ್ತಿರ ಮಾತಾಡುತ್ತೇನೆ, ಮತ್ತೆ ಬಾ ಎಂದೆ. "ಬೇಡ ಬಿಡಿ, ಇನ್ನು ಆ ಬಿಸೀಲಿ ನಿಲ್ಲೋಕಾಗಲ್ಲ" ಎಂದ. ಹೊರಡುವಾಗ ಕರೆದು, "ಆ ಹೊಸಬ್ರಿಗೆ ನನ್ ನಂಬರ್ ಕೊಡಿ. ಗೊತ್ತಿಲ್ದೆ ಒತ್ಬಿಟ್ರೆ ಅಚ್ಚು ಹೋಗುತ್ತೆ" ಅಂದ. ಮರುದಿನ ಗುಲಾಬಿ ಗುಂಡಿಯ ಕೆಳಗೆ ಮಾರ್ಕರಿನಿಂದ ಅವನ ನಂಬರ್ ಬರೆದೆ.

ಆ ಸಂಜೆ ಹೆಬ್ಬಾಳದ ಮೇಲೆ ಬಸ್ಸು ನಿಂತಿದ್ದಾಗ ಹಳೆಯ ಮೇಲ್ ಹುಡುಕಿ ಉತ್ತರ ಬರೆದೆ. ಅಕ್ಷರಗಳೆಲ್ಲ ಸರಿ ಇವೆ, ಯಾವುದನ್ನೂ ಬದಲಾಯಿಸಬೇಡ. ತಡವಾಯಿತು, ತಪ್ಪು ನನ್ನದು. ರೊಟ್ಟಿ ಮಾಡಿದವಳಿಗೆ ನಿನ್ನ ನಮಸ್ಕಾರ ಇವತ್ತೇ ಮುಟ್ಟಿಸುತ್ತೇನೆ. ಅಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೂ ಎಲ್ಲ ಹೇಳಿದೆ.

ಮೂರು ವಾರವಾಯಿತು. ದಿನಾ ಬೆಳಿಗ್ಗೆ ಸಾಸಿವೆ ಸಿಡಿಯುವ ಹೊತ್ತಿಗೆ ಒಮ್ಮೆ ಫೋನ್ ತೆಗೆದು ನೋಡುತ್ತೇನೆ. ಉತ್ತರ ಬಂದಿಲ್ಲ. ಅವನೂ ಆಗ ಹೀಗೆಯೇ ದಿನಾ ನೋಡುತ್ತಿದ್ದಿರಬೇಕು.