ಫಕ್ರುಸಾಬರ ದಾರ
ಇಂಟರ್‌ನೆಟ್ಟಿನಲ್ಲಿ ಬೈಲಹೊಂಗಲದ ಬಡಿಗರನ್ನು ಹುಡುಕಿದರೆ ಸಿಗುವುದು ಫಕ್ರುಸಾಬರ ಹೆಸರೊಂದೇ. ಹಾಕಿದವಳು ಮಗಳು ತಸ್ಲೀಮ್. ಫಕ್ರುಸಾಬರು ಕಂಪ್ಯೂಟರ್ ಮುಟ್ಟಿದವರಲ್ಲ. ಗಿರಾಕಿಗಳು ಸೋಫಾದ ಚಿತ್ರ ಪ್ರಿಂಟ್ ತೆಗೆಸಿಕೊಂಡು ಬಂದರೆ ಅದನ್ನು ಮಡಚಿ, ಅಲುಗಾಡುವ ತಮ್ಮ ಮೇಜಿನ ಕಾಲಡಿ ಇಡುತ್ತಾರೆ. "ಕುರ್ಚ್ಯಾಗ ಚಿತ್ರ ಕುಂದ್ರಂಗಿಲ್ರಿ, ಮಂದಿ ಕುಂದ್ರತಾರ. ಕುಂದ್ರೋರನ್ನ ಕರಕೊಂಡ ಬರ್ರಿ." ಟೇಪು ಇರುವುದು ಕಟ್ಟಿಗೆಗೆ, ಮನುಷ್ಯರನ್ನು ಅಳೆಯುವುದು ದಾರದಲ್ಲಿ. ಹಿಮ್ಮಡಿಯಿಂದ ಮೊಣಕಾಲಿಗೆ ಒಂದು ಗಂಟು, ಸೊಂಟದಿಂದ ಹೆಗಲಿಗೆ ಇನ್ನೊಂದು. ಹೆಸರಿನ ಚೀಟಿ ಕಟ್ಟಿ ದಾರವನ್ನು ಗೋಡೆಯ ಮೊಳೆಗೆ ಹಾಕುತ್ತಾರೆ. ಅಲ್ಲಿ ಮಾಮಲೇದಾರರೂ ಹಮಾಲರೂ ಅಕ್ಕಪಕ್ಕ ತೂಗುತ್ತಾರೆ. ಯಾರು ಗಿಡ್ಡ ಎಂದು ಮಾತ್ರ ಫಕ್ರುಸಾಬರು ಬಾಯಿಬಿಡುವುದಿಲ್ಲ. ಮೂರು ವರ್ಷದ ಹಿಂದೆ ಅವ್ವನಿಗೆ ಮಾಡಿಸಿದಂಥದೇ ಇನ್ನೊಂದು ಕುರ್ಚಿ ಬೇಕೆಂದು ಮೊನ್ನೆ ಹೋದೆ. "ದಾರ ಇಲ್ಲೇ ಐತೆಲ್ರಿ," ಎಂದು ನಾನು ಹೇಳಿದರೂ ಕೇಳಲಿಲ್ಲ, ಅವ್ವನನ್ನೇ ಕರೆಸಿದರು. ಹಳೆಯ ದಾರವನ್ನು ಅವಳ ಬೆನ್ನಿಗೆ ಹಿಡಿದು, ಮೇಲಿನ ಗಂಟು ಬಿಚ್ಚಿ, ಎರಡು ಬೆರಳು ಕೆಳಗೆ ಹೊಸದು ಹಾಕಿದರು. ನನ್ನ ಕಡೆ ತಿರುಗಿ ಮೆಲ್ಲಗೆ, "ಹಳೀ ಕುರ್ಚೀನೂ ತರ್ರಿ. ಅವ್ವಾರಿಗೆ ಅದು ದೊಡ್ಡದಾಗೈತಿ," ಎಂದರು. ದಿನವೂ ಅವಳೆದುರು ಕೂತು ಉಣ್ಣುವ ನನಗೆ ಅದು ಕಂಡಿರಲಿಲ್ಲ.