ಷಡಕ್ಷರಿ ಮೇಷ್ಟ್ರ ಹದಿಮೂರು ವರ್ಷದ ತಪ್ಪು

ಕೊಪ್ಪದ ಆ ಖಾಸಗಿ ಐಟಿಐಗೆ ತಪಾಸಣೆಗೆಂದು ಯಾರೇ ಬಂದರೂ ಪ್ರಿನ್ಸಿಪಾಲರು ಅವರನ್ನು ಮೊದಲು ಕರೆತರುತ್ತಿದ್ದುದು ಎಲೆಕ್ಟ್ರಿಷಿಯನ್ ವಿಭಾಗದ ಕೋಣೆಗೆ. ಅಲ್ಲಿ ಷಡಕ್ಷರಿ ಮೇಷ್ಟ್ರು ಮೂರು ಫೇಸಿನ ಮೋಟಾರಿನೊಳಗೆ ತಂತಿ ಸುತ್ತುವ ವೈಂಡಿಂಗ್ ಚಿತ್ರವನ್ನು ಕೆಂಪು, ಹಳದಿ, ನೀಲಿ ಸೀಮೆಸುಣ್ಣದಲ್ಲಿ ಒಂದು ಗೆರೆಯನ್ನೂ ಅಳಿಸದೆ ಬರೆಯುತ್ತಿದ್ದರು. ಬೇರೆ ವಿಭಾಗದ ಹುಡುಗರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಬರೆದ ಚಿತ್ರವನ್ನು ಎರಡು ಮೂರು ದಿನ ಯಾರೂ ಒರೆಸುತ್ತಿರಲಿಲ್ಲ.

ಮೇಷ್ಟ್ರು ತಮ್ಮ ಕೈಯಾರೆ ಒಂದೇ ಒಂದು ಮೋಟಾರನ್ನೂ ಸುತ್ತಿರಲಿಲ್ಲ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅವರು ಬಾಳೆಹೊನ್ನೂರಿನ ಕಡೆಯವರು. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಕಾರ್ಖಾನೆಯೊಂದಕ್ಕೆ ಸೇರಿದಾಗ ಅಲ್ಲಿನ ಸೂಪರ್‌ವೈಸರ್ ಇವರ ಅಕ್ಷರ ನೋಡಿ, ಇಂಥವನು ಗ್ರೀಸು ಮುಟ್ಟಿ ಯಾಕೆ ಹಾಳಾಗಬೇಕು ಎಂದು ಸ್ಟೋರಿನಲ್ಲಿ ರಿಜಿಸ್ಟರ್ ಬರೆಯಲು ಕೂರಿಸಿದರು. ವರ್ಷ ಹಾಗೇ ಕಳೆಯಿತು. ಸರ್ಟಿಫಿಕೇಟು ಎಲ್ಲರಂತೆ ಇವರ ಕೈಗೂ ಬಂತು. ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ ಕೊಪ್ಪಕ್ಕೆ ಮೇಷ್ಟ್ರಾಗಿ ಬಂದರು. ಸಂಸ್ಥೆಯಲ್ಲಿ ಇದ್ದುದು ಒಂದೇ ಹಳೆಯ ಮೋಟಾರು. ಪ್ರತಿ ವರ್ಷ ಹುಡುಗರು ಅದರಿಂದ ತಂತಿಯ ಒಂದು ಕಾಯಿಲ್ ಬಿಚ್ಚುವರು, ಮತ್ತೆ ಅದೇ ಸ್ಲಾಟಿನ ಸಂದಿಗೆ ತುರುಕುವರು, ರೆಕಾರ್ಡ್ ಪುಸ್ತಕದಲ್ಲಿ ಮೇಷ್ಟ್ರ ಚಿತ್ರವನ್ನು ನಕಲು ಮಾಡುವರು. ಪರೀಕ್ಷೆ ನಡೆಸಲು ಬಂದವರು ಮೋಟಾರಿನ ಶಾಫ್ಟನ್ನು ಕೈಯಲ್ಲೊಮ್ಮೆ ತಿರುಗಿಸಿ ನೋಡಿ, ಸಹಿ ಹಾಕಿ, ಊಟಕ್ಕೆ ಏಳುವರು.

ಎರಡು ಸಾವಿರದ ಮೂರರಲ್ಲಿ ಅಡ್ಡಗದ್ದೆಯ ನಿಶ್ಚಿತಾ ಆ ವಿಭಾಗಕ್ಕೆ ಅರ್ಜಿ ಹಾಕಿದಳು. ಅದುವರೆಗೆ ಹೆಣ್ಣುಮಕ್ಕಳು ಯಾರೂ ಹಾಕಿರಲಿಲ್ಲ. ಅವಳ ಅಪ್ಪ ಬೈರಪ್ಪ ಒಪ್ಪದೆ ಆಫೀಸಿನ ಮುಂದೆ ನಿಂತಿದ್ದರು.

"ಕೂಸಿಗೆ ಎಂತಕ್ಕೆ ಸರ್ ಈ ಕರೆಂಟಿನ ಸಹವಾಸ. ನಾಳೆ ಏನಾರು ಹೆಚ್ಚುಕಮ್ಮಿ ಆದ್ರೆ ಊರವರಿಗೆ ನಾನೆಂತ ಹೇಳಲಿ?"

"ನನ್ನ ಕೈಲಿ ಬಿಡಿ ಬೈರಪ್ಪನೋರೆ," ಎಂದಿದ್ದರು ಮೇಷ್ಟ್ರು. "ಕೆಲಸ ಕಲಿಸಿ ಕಳಿಸೋ ಜವಾಬ್ದಾರಿ ನನ್ನದು."

ನಿಶ್ಚಿತಾ ಎರಡು ವರ್ಷ ಮುಗಿಸಿ ಮೊದಲನೆಯವಳಾಗಿ ಪಾಸಾದಳು. ವಿದ್ಯುತ್ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿ ಸೇರಲು ಕಾಗದ ಬರಬೇಕಿತ್ತು. ಅದು ಯಾವಾಗ ಬರುವುದೋ ಹೇಳುವಂತಿರಲಿಲ್ಲ. ನರಸಿಂಹರಾಜಪುರದಲ್ಲಿ ಅವಳ ಸೋದರತ್ತೆಯ ಮನೆಯಿತ್ತು. ಅಲ್ಲಿಯ ಶೇಷಪ್ಪನ ವೈಂಡಿಂಗ್ ಅಂಗಡಿಗೆ ಮೇಷ್ಟ್ರು ಒಂದು ಪತ್ರ ಕೊಟ್ಟು ಕಳಿಸಿದರು. "ಈಕೆ ಮೋಟಾರ್ ವೈಂಡಿಂಗಿನಲ್ಲಿ ಪೂರ್ಣ ತರಬೇತಿ ಪಡೆದಿದ್ದಾಳೆ" ಎಂದು ಅದರಲ್ಲಿ ಬರೆದಿತ್ತು. ಬರೆಯುವಾಗ ಅದು ಸುಳ್ಳು ಎಂದು ಅವರಿಗೆ ಅನ್ನಿಸಿರಲಿಲ್ಲ. ಹದಿಮೂರು ವರ್ಷದಿಂದ ಎಲ್ಲರಿಗೂ ಬರೆದುಕೊಟ್ಟಿದ್ದು ಅದೇ ಸಾಲು.

ಅವಳು ಸೇರಿದ ಎರಡನೇ ವಾರ ಶೇಷಪ್ಪನ ನೆಂಟರಲ್ಲಿ ಸಾವಾಯಿತು. ಗೌರಿ ಹಬ್ಬ ಹತ್ತಿರವಿತ್ತು. ಹಿಟ್ಟಿನ ಗಿರಣಿಯವರು ಸುಟ್ಟ ಮೋಟಾರೊಂದನ್ನು ತಂದಿಟ್ಟು, ಹಬ್ಬದೊಳಗೆ ಬೇಕೇ ಬೇಕು ಎಂದು ಕೂತಿದ್ದರು. ಶೇಷಪ್ಪ ಆ ಪತ್ರವನ್ನು ನೆನೆಸಿಕೊಂಡು, "ಪೂರ್ಣ ತರಬೇತಿ ಅಂತ ಬರೆದವ್ರೆ, ಮಾಡ್ತೀಯಲ್ಲ?" ಎಂದು ಕೇಳಿ, ಅವಳು ತಲೆಯಾಡಿಸಿದ ಮೇಲೆ ಬಸ್ಸು ಹತ್ತಿದ. ನಿಶ್ಚಿತಾ ಎರಡು ದಿನ ಊಟಕ್ಕೂ ಸರಿಯಾಗಿ ಏಳದೆ ಸುತ್ತಿದಳು. ಕೊನೆಯ ಜೋಡಣೆಯನ್ನು ರೆಕಾರ್ಡ್ ಪುಸ್ತಕದ ಚಿತ್ರ ಪಕ್ಕದಲ್ಲಿಟ್ಟುಕೊಂಡು ಮಾಡಿದಳು. ಓಡಿಸಿ ನೋಡೋಣವೆಂದರೆ ಆ ಹೊತ್ತಿಗೆ ತ್ರೀಫೇಸ್ ಕರೆಂಟ್ ಇರಲಿಲ್ಲ. ಕರೆಂಟು ಬರುವವರೆಗೆ ತಡೆಯಿರಿ ಎಂದು ಅವಳು ಹೇಳಿದರೂ ಕೇಳದೆ ಗಿರಣಿಯವರು ಹೊತ್ತುಕೊಂಡು ಹೋದರು. ಅಲ್ಲಿ ಮೋಟಾರು ಗುಂಯ್‌ಗುಟ್ಟಿತೇ ಹೊರತು ತಿರುಗಲಿಲ್ಲ. ಸ್ಟಾರ್ಟರ್ ತಾನಾಗಿ ಕರೆಂಟು ಕಡಿದಾಗಲೆಲ್ಲ ಅವರು ಅದರ ಗುಂಡಿಯನ್ನು ಕೈಯಲ್ಲಿ ಒತ್ತಿ ಹಿಡಿದರು. ಹೊಗೆ ಎದ್ದು ಗಿರಣಿಯ ಕೋಣೆ ತುಂಬಿತು.

ಹಬ್ಬಕ್ಕೆ ಅಕ್ಕಿ ಬೀಸಿಸಲು ಬಂದು ಸಾಲಾಗಿ ಕೂತಿದ್ದ ಹೆಂಗಸರೆಲ್ಲ ಕೆಮ್ಮುತ್ತ ಹೊರಗೆ ಓಡಿದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ: ಹುಡುಗಿಯೊಬ್ಬಳು ಮೋಟಾರ್ ಸುಟ್ಟಳಂತೆ.

ಮುಂದಿನ ಸೋಮವಾರ ನಿಶ್ಚಿತಾ ರೆಕಾರ್ಡ್ ಪುಸ್ತಕ ಹಿಡಿದು ಕೊಪ್ಪಕ್ಕೆ ಬಂದಳು. ಮೇಷ್ಟ್ರು ವರ್ಕ್‌ಶಾಪಿನಲ್ಲಿದ್ದರು; ಹೊಸ ಬ್ಯಾಚಿನ ಹುಡುಗರು ಸುತ್ತಲೂ ಇದ್ದರು. ಅವಳು ನಡೆದದ್ದನ್ನೆಲ್ಲ ಹೇಳಿ, ಚಿತ್ರವಿದ್ದ ಹಾಳೆಯನ್ನು ಅವರ ಮುಂದೆ ಬಿಡಿಸಿ ಇಟ್ಟಳು.

"ಸರ್, ಈ ನಡುವಿನ ಸುತ್ತಿಂದು ಶುರು ಯಾವುದು, ಕೊನೆ ಯಾವುದು ಅಂತ ಒಂದ್ಸಲ ನೋಡ್ತೀರಾ?"

ಮೇಷ್ಟ್ರು ನೋಡಿದರು. ಮೂರು ಸುತ್ತು, ಮೂರು ಬಣ್ಣ, ಕೆಳಗೆ ಕೆಂಪು ಶಾಯಿಯಲ್ಲಿ ತಮ್ಮದೇ ಸಹಿ. ಅದು ಸರಿಯೋ ತಪ್ಪೋ ಎಂದು ಹೇಳಲು ತಮಗೆ ಗೊತ್ತಿಲ್ಲ ಎಂಬುದು ಆ ಕ್ಷಣ ಅವರಿಗೆ ಹೊಳೆಯಿತು. ಹುಡುಗರು ಅವರ ಮುಖ ನೋಡುತ್ತಿದ್ದರು.

"ಚಿತ್ರ ಸರಿಯಾಗೇ ಇದೆಯಲ್ಲಮ್ಮ," ಎಂದರು. "ನೀನು ಸ್ಲಾಟ್ ಎಣಿಸುವಾಗ ತಪ್ಪಿರಬೇಕು. ಗಡಿಬಿಡೀಲಿ ಆಗುತ್ತೆ."

ಅವಳು ನಡುವಿನ ಸುತ್ತಿನ ಮೇಲಿಟ್ಟಿದ್ದ ಬೆರಳನ್ನು ತೆಗೆದಳು. "ಇರಬಹುದು ಸರ್," ಎಂದು ಪುಸ್ತಕ ಮಡಚಿ ಹೋದಳು.

ಸಂಜೆ ಎಲ್ಲರೂ ಹೋದ ಮೇಲೆ ಮೇಷ್ಟ್ರು ಲೈಬ್ರರಿಯ ಬೀರು ತೆರೆದು, ವೈಂಡಿಂಗಿನ ದಪ್ಪ ಪುಸ್ತಕ ತೆಗೆದು ನೋಡಿದರು. ನಡುವಿನ ಸುತ್ತಿನ ಶುರುವನ್ನು ಕೊನೆಯೆಂದೂ ಕೊನೆಯನ್ನು ಶುರುವೆಂದೂ ಗುರುತು ಮಾಡಿದ್ದವರು ತಾವೇ. ಮೂವರು ಸೇರಿ ಹಗ್ಗ ಎಳೆಯುವಾಗ ಒಬ್ಬ ಎದುರು ಕಡೆಗೆ ಎಳೆದ ಹಾಗೆ. ಸೇರಿದ ವರ್ಷ ಯಾರದೋ ಹಳೆಯ ನೋಟ್ಸಿನಿಂದ ಇಳಿಸಿಕೊಳ್ಳುವಾಗ ಆದ ತಪ್ಪು. ಸಂಸ್ಥೆಯಲ್ಲಿ ಅದರಂತೆ ಸುತ್ತಿ ಯಾರೂ ಕರೆಂಟು ಕೊಟ್ಟು ನೋಡಿರಲಿಲ್ಲವಾದ್ದರಿಂದ ಹದಿಮೂರು ವರ್ಷ ಅದು ಬೋರ್ಡಿನ ಮೇಲೆ ಚೆಂದವಾಗಿಯೇ ಇತ್ತು.

ಮರುದಿನವೇ ನರಸಿಂಹರಾಜಪುರಕ್ಕೆ ಹೋಗಬೇಕು ಎಂದುಕೊಂಡರು. ಹೋಗಲಿಲ್ಲ. ಹಬ್ಬ ಮುಗಿಯಲಿ ಎಂದುಕೊಂಡರು. ಹಬ್ಬ ಮುಗಿಯಿತು, ದೀಪಾವಳಿಯೂ ಮುಗಿಯಿತು. ಬೋರ್ಡಿನ ಮೇಲೆ ಮಾತ್ರ ಸದ್ದಿಲ್ಲದೆ ಗುರುತು ಬದಲಾಯಿತು. ಅದು ಬದಲಾದದ್ದನ್ನು ಯಾರೂ ಗಮನಿಸಲಿಲ್ಲ ಎಂಬುದೇ ಅವರಿಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು. ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದರು. ಹೆಂಡತಿ ಕೇಳಿದರೆ ಪಿತ್ತ ಎನ್ನುತ್ತಿದ್ದರು.

ಜನವರಿಯಲ್ಲಿ ಹೆಂಡತಿಯ ತವರಿನವರನ್ನು ಕರೆದುಕೊಂಡು ಶೃಂಗೇರಿಗೆ ಹೋಗಬೇಕಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ರೂಮು ಕೇಳಿದರೆ ಕೌಂಟರಿನ ಹಿಂದೆ ನಿಶ್ಚಿತಾ ಕೂತಿದ್ದಳು. ಎದ್ದು ನಿಂತಳು.

"ಸರ್, ಬನ್ನಿ. ಮೇಲಿನ ರೂಮು ಕೊಡ್ತೀನಿ, ಬಿಸಿನೀರು ಚೆನ್ನಾಗಿ ಬರುತ್ತೆ."

"ಇಲ್ಲೇನಮ್ಮ? ಶೇಷಪ್ಪನ ಅಂಗಡಿ?"

"ಬಿಟ್ಟೆ ಸರ್. ಅಪ್ಪ ಬೇಡ ಅಂದ್ರು." ಅಷ್ಟು ಹೇಳಿ ಬೀಗದ ಕೈ ಮುಂದಿಟ್ಟು, ನೆಂಟರ ಕಡೆ ತಿರುಗಿ, "ನಮ್ಮ ಮೇಷ್ಟ್ರು ಇವರು," ಎಂದಳು.

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಮೇಷ್ಟ್ರಿಗೆ ಮಾತ್ರ ಆ ರೂಮಿನಲ್ಲಿ ಬಟ್ಟೆ ಬದಲಿಸುವುದಕ್ಕೂ ನಾಚಿಕೆಯಾಯಿತು.

ಮುಂದಿನ ಭಾನುವಾರ ಅವರು ನರಸಿಂಹರಾಜಪುರದಲ್ಲಿ ಶೇಷಪ್ಪನ ಅಂಗಡಿಯ ಮುಂದೆ ನಿಂತಿದ್ದರು. ಶೇಷಪ್ಪ ಏಳನೇ ತರಗತಿಯವರೆಗೆ ಓದಿದವನು. ವಾರ್ನಿಷ್ ಮೆತ್ತಿ ಅವನ ಉಗುರುಗಳೆಲ್ಲ ಕಂದಾಗಿದ್ದವು. ಮೇಷ್ಟ್ರು ಮೆಟ್ಟಿಲ ಮೇಲೆ ನಿಂತೇ ಹೇಳಿದರು: ತಪ್ಪು ಹುಡುಗಿಯದಲ್ಲ, ನನ್ನದು. ನಾನೇ ಯಾವತ್ತೂ ಮೋಟಾರ್ ಸುತ್ತಿದವನಲ್ಲ.

ಶೇಷಪ್ಪ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟ. "ಒಂದೂ ಸುತ್ತಿಲ್ವಾ?"

"ಒಂದೂ ಇಲ್ಲ."

"ಎಂತ ಮಾರಾಯ್ರೆ ನೀವು," ಎಂದ. ತಂತಿಯನ್ನು ಮತ್ತೆ ಎತ್ತಿಕೊಂಡು ಸಿಕ್ಕು ಬಿಡಿಸತೊಡಗಿದ. ಆಮೇಲೆ, "ಈಗ ನನ್ನಿಂದ ಎಂತ ಆಗ್ಬೇಕು?"

"ಕಲಿಸ್ಬೇಕು."

"ಇಲ್ಲಿ ಕುರ್ಚಿ ಇಲ್ಲ ಮೇಷ್ಟ್ರೆ. ಕೆಳಗೇ ಕೂರ್ಬೇಕು. ಪ್ಯಾಂಟು ಹಾಳಾಗುತ್ತೆ, ಲುಂಗಿ ತನ್ನಿ."

ಹಾಗೆ ನಲವತ್ತಮೂರನೇ ವಯಸ್ಸಿನಲ್ಲಿ ಷಡಕ್ಷರಿ ಮೇಷ್ಟ್ರು ಅಪ್ರೆಂಟಿಸ್ ಆದರು. ಭಾನುವಾರಗಳು, ಹಬ್ಬದ ರಜೆಗಳು, ಕೂಡಿಟ್ಟಿದ್ದ ಇಪ್ಪತ್ತು ದಿನದ ರಜೆ. ಸುಟ್ಟ ತಂತಿ ಕತ್ತರಿಸಿ ಎಳೆಯುವುದರಿಂದ ಶುರು. ಸ್ಲಾಟಿನ ಅಂಚಿಗೆ ಬೆರಳು ಸೀಳಿ ರಕ್ತ ಬರುತ್ತಿತ್ತು. ಅವರ ಹಳೆಯ ವಿದ್ಯಾರ್ಥಿಗಳು ಪಂಪು ಹೊತ್ತುಕೊಂಡು ಬಂದವರು ಬಾಗಿಲಲ್ಲೇ ನಿಂತು, "ಸರ್, ನೀವಿಲ್ಲಿ?" ಎನ್ನುತ್ತಿದ್ದರು. ಮೊದಲೆರಡು ಸಲ "ಸುಮ್ಮನೆ ಬಂದಿದ್ದೆ" ಎಂದರು. ಮೂರನೆಯವನಿಗೆ "ಕೆಲಸ ಕಲೀತಿದ್ದೀನಿ" ಎಂದರು. ಅವನು ತಮಾಷೆಯೆಂದು ನಕ್ಕ. ಆಮೇಲೆ ಅವರ ಕೈ ನೋಡಿ ನಗುವುದನ್ನು ನಿಲ್ಲಿಸಿದ.

ಮೊದಲು ಸುತ್ತಿದ ಮೋಟಾರನ್ನು ಶೇಷಪ್ಪ ಬಿಚ್ಚಿಸಿದ. ಎರಡನೆಯದನ್ನೂ ಬಿಚ್ಚಿಸಿದ. ಮೂರನೆಯದು ಮೇ ತಿಂಗಳಲ್ಲಿ ತಿರುಗಿತು. ಶೇಷಪ್ಪ ಅದರ ಮೈಮೇಲೆ ಅಂಗೈಯಿಟ್ಟು ಬಿಸಿ ನೋಡಿ, "ಆತು," ಎಂದ. "ಇನ್ನು ಆ ಹುಡುಗಿ ಹತ್ರ ಹೋಗಿ. ಬರೋದಾದ್ರೆ ಬರ್ಲಿ ಅಂತನೂ ಹೇಳಿ. ನಾನೂ ಅವಳಿಗೆ ಬಾಯಿಗೆ ಬಂದಂಗೆ ಬೈದಿದ್ದೆ."

ಲಾಡ್ಜಿನಲ್ಲಿ ಜನ ಇಲ್ಲದ ಮಧ್ಯಾಹ್ನ ನೋಡಿಕೊಂಡು ಮೇಷ್ಟ್ರು ಹೋದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಅರ್ಧ ಮರೆತುಹೋಯಿತು. ಉಳಿದಷ್ಟನ್ನು ಹೇಳಿದರು. ನಿಶ್ಚಿತಾ ರಿಜಿಸ್ಟರಿನ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ನಂಗೆ ಗೊತ್ತಿತ್ತು ಸರ್."

"ಏನು?"

"ಅವತ್ತು ನಿಮ್ಮ ಹತ್ರ ಬರೋ ಮೊದ್ಲೇ ಅಂಗಡೀಲಿದ್ದ ಇನ್ನೊಂದು ಮೋಟಾರ್ ಬಿಚ್ಚಿ ನೋಡಿದ್ದೆ. ನೀವೇ ಹೇಳ್ತೀರಿ ಅಂತ ಬಂದಿದ್ದೆ."

ಮೇಷ್ಟ್ರು ತಲೆ ಎತ್ತಲಿಲ್ಲ. ಅವಳು ಆ ದಿನ ಯಾವುದರ ಶುರು, ಯಾವುದರ ಕೊನೆ ಎಂದು ಬೆರಳಿಟ್ಟು ಕೇಳಿದ್ದು ಈಗ ಅರ್ಥವಾಯಿತು. ದಾರಿ ತೋರಿಸಿಯೇ ಕೇಳಿದ್ದಳು.

"ಅಷ್ಟೊಂದು ಹುಡುಗ್ರ ಮುಂದೆ ನಿಮ್ಮ ಚಿತ್ರ ತಪ್ಪು ಅಂತ ಹೆಂಗೆ ಹೇಳ್ಲಿ ಸರ್," ಎಂದಳು. ರಿಜಿಸ್ಟರ್ ಮುಚ್ಚಿ, "ನಂಗೆ ಹೇಳೋದು ಎಂತ ಬೇಡ. ಅಪ್ಪನಿಗೆ ಹೇಳಿ. ಮನೇಲಿ ಅಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಬರ್ತಾರೆ. ಮಗಳು ಮೋಟಾರ್ ಸುಟ್ಟು ಬಂದ್ಲು ಅಂತ ಅವ್ರು ಎಲ್ಲರ ಮುಂದೆ ಹೇಳ್ಕೊಂಡಿದ್ದು ಅಲ್ಲೇ."

ಮರುದಿನ ಮೊದಲ ಬಸ್ಸಿಗೆ ಮೇಷ್ಟ್ರು ಅಡ್ಡಗದ್ದೆಗೆ ಹೋದರು. ಡೈರಿಯ ಮುಂದೆ ಹತ್ತು ಹನ್ನೆರಡು ಮಂದಿ ಕ್ಯಾನು ಹಿಡಿದು ನಿಂತಿದ್ದರು. ಬೈರಪ್ಪ ಅವರನ್ನು ನೋಡಿ, ಎತ್ತಿ ಕಟ್ಟಿದ್ದ ಪಂಚೆ ಇಳಿಬಿಟ್ಟು ನಮಸ್ಕಾರ ಮಾಡಿದರು. ಆ ನಮಸ್ಕಾರವನ್ನು ಸಹಿಸಿಕೊಳ್ಳುವುದೇ ಮೇಷ್ಟ್ರಿಗೆ ಕಷ್ಟವಾಯಿತು.

"ಬೈರಪ್ಪನೋರೆ, ಇಲ್ಲೇ ಹೇಳ್ಬೇಕಾದ ಮಾತು," ಎಂದು ಮೇಷ್ಟ್ರು ಶುರು ಮಾಡಿದರು. ದನಿ ಸಣ್ಣದಾಗಿತ್ತು. ಹಿಂದೆ ನಿಂತಿದ್ದ ಮುದುಕರೊಬ್ಬರು, "ಜೋರಾಗಿ ಹೇಳಿ, ಕೇಳ್ತಿಲ್ಲ," ಎಂದರು. ಮೇಷ್ಟ್ರು ಮತ್ತೆ ಮೊದಲಿಂದ, ಜೋರಾಗಿ ಹೇಳಬೇಕಾಯಿತು. ಮೋಟಾರ್ ಸುಟ್ಟಿದ್ದು ನಿಮ್ಮ ಮಗಳಿಂದಲ್ಲ. ನಾನು ತಪ್ಪು ಕಲಿಸಿದ್ದೆ. ಕೇಳಲು ಬಂದಾಗ ಅವಳದೇ ತಪ್ಪು ಎಂದು ಸುಳ್ಳು ಹೇಳಿದೆ.

ಹಾಲು ಅಳೆಯುತ್ತಿದ್ದವನ ಕೈ ನಿಂತಿತು. ಬೈರಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವಳು ಹೇಳಿದ್ಲು, ನಂದಲ್ಲಪ್ಪ ಅಂತ," ಎಂದರು, ಯಾರ ಕಡೆಯೂ ನೋಡದೆ. "ನಾನು ಕೇಳ್ಲಿಲ್ಲ. ಮೇಷ್ಟ್ರು ಹೇಳಿದ್ಮೇಲೆ ಮುಗೀತು ಅಂದೆ."

ಕ್ಯಾನನ್ನು ಅಲ್ಲೇ ಬಿಟ್ಟು ಅವರು ರಸ್ತೆಯವರೆಗೂ ನಡೆದು ಬಂದರು, ಮೇಷ್ಟ್ರ ಜೊತೆ. ಬಸ್ಸು ಬರುವವರೆಗೂ ನಿಂತರು.

ನಿಶ್ಚಿತಾ ಶೇಷಪ್ಪನ ಅಂಗಡಿಗೆ ಮರಳಲಿಲ್ಲ. ಜುಲೈಯಲ್ಲಿ ವಿದ್ಯುತ್ ಕಂಪನಿಯ ಅಪ್ರೆಂಟಿಸ್ ಕಾಗದ ಬಂದಾಗ ಲಾಡ್ಜು ಬಿಟ್ಟು ಶಿವಮೊಗ್ಗಕ್ಕೆ ಹೋದಳು. ಹಾಸಿಗೆಯ ಸುರುಳಿ ಹೊತ್ತು ಅವಳನ್ನು ಹಾಸ್ಟೆಲಿಗೆ ಬಿಟ್ಟು ಬಂದದ್ದು ಬೈರಪ್ಪನೇ ಎಂದು ಮೇಷ್ಟ್ರಿಗೆ ಆಮೇಲೆ ಯಾರೋ ಹೇಳಿದರು. ಅವಳಿಂದ ಅವರಿಗೆ ಕಾಗದವೇನೂ ಬರಲಿಲ್ಲ. ಬರಬೇಕೆಂದು ಅವರೂ ಕಾಯಲಿಲ್ಲ.

ಆಗಸ್ಟಿನಲ್ಲಿ ಹೊಸ ಬ್ಯಾಚಿಗೆ ಪಾಠ ಶುರು ಮಾಡುವ ಮೊದಲು ಮೇಷ್ಟ್ರು ನಡೆದದ್ದನ್ನು ಹೇಳಿದರು. ಹಿಂದಿನ ಬೆಂಚಿನವನೊಬ್ಬ ಎದ್ದು, "ಹಂಗಾದ್ರೆ ಹಳೇ ಬ್ಯಾಚಿನವರ ಕಥೆ ಎಂತ ಸರ್?" ಎಂದು ಕೇಳಿದ. ಅಂದು ಸಂಜೆಯಿಂದ ಮೇಷ್ಟ್ರು ಪ್ರವೇಶದ ರಿಜಿಸ್ಟರಿನಿಂದ ವಿಳಾಸ ತೆಗೆದು, ಸಿಕ್ಕವರಿಗೆಲ್ಲ ಚಿತ್ರದ ತಪ್ಪನ್ನು ತಿಳಿಸಿ ಒಂದೊಂದು ಕಾರ್ಡು ಬರೆದರು. ಇನ್ನೂರಕ್ಕೂ ಮೇಲಾಯಿತು. ಹೆಚ್ಚಿನವರು ಉತ್ತರಿಸಲಿಲ್ಲ. ಒಬ್ಬ ತಾನೀಗ ಖಾಸಗಿ ಬಸ್ಸಿನ ಕಂಡಕ್ಟರ್ ಎಂದು ಬರೆದ. ತೊಂಬತ್ತೇಳನೇ ಇಸವಿಯ ಬ್ಯಾಚಿನವನೊಬ್ಬ ತೀರ್ಥಹಳ್ಳಿಯಲ್ಲಿ ವೈಂಡಿಂಗ್ ಅಂಗಡಿ ಇಟ್ಟಿದ್ದ. ಅವನ ಕಾರ್ಡಿನಲ್ಲಿ ಎರಡೇ ಸಾಲು ಇತ್ತು:

"ಅದು ತಪ್ಪು ಅಂತ ಅಂಗಡಿ ಇಟ್ಟ ಮೊದಲ ವಾರವೇ ಗೊತ್ತಾಗಿತ್ತು ಸರ್. ನಿಮಗೆ ಹೇಳಲು ನನಗೆ ನಾಚಿಕೆಯಾಯಿತು."

ಮೇಷ್ಟ್ರು ಅದನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಓದಿದರು. ಇವನು ಅಂದೇ ಹೇಳಿದ್ದರೆ ಎಂದು ಒಮ್ಮೆ ಸಿಟ್ಟು ಬಂತು. ಆ ಸಿಟ್ಟು ಯಾರ ಮೇಲೆ ಹೋಗಬೇಕೆಂದು ಯೋಚಿಸುವಷ್ಟರಲ್ಲಿ ಗಂಟೆ ಹೊಡೆಯಿತು. ವರ್ಕ್‌ಶಾಪಿನಲ್ಲಿ ಹುಡುಗರು ಮೋಟಾರು ಬಿಚ್ಚಿಟ್ಟುಕೊಂಡು ಕಾಯುತ್ತಿದ್ದರು. ಮೇಷ್ಟ್ರು ಹೋಗಿ ನೆಲದ ಮೇಲೆ ಕೂತರು.